ಅಣ್ಣನ ವಿಮಾನದ ಸದ್ದು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಕ್ಕವಳು ನಾನು. ಕಾನ್ವೆಂಟಿನಲ್ಲಿ ಓದಿದವಳಲ್ಲವೇ, ದೆವ್ವ, ಗಾಳಿ ಎಂದರೆ ನಮ್ಮ ಸಿಸ್ಟರುಗಳು ‘ನಾನ್‌ಸೆನ್ಸ್’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಈಗ ನಾನು ಹೇಳುವುದನ್ನು ನೀವೂ ಹಾಗೇ ಮುಗಿಸಿದರೆ ನನಗೆ ಬೇಸರವಿಲ್ಲ.

ಅರವತ್ತರ ದಶಕದ ಆರಂಭ. ಜಯನಗರದ ಅಂಚಿನಲ್ಲಿ ನಮ್ಮ ಮನೆ, ಆಚೆಗೆಲ್ಲ ರಾಗಿ ಹೊಲ. ನನ್ನ ಅಣ್ಣ ಮುರಳಿ ವರ್ಷಗಟ್ಟಲೆ ಗ್ಯಾರೇಜಿನಲ್ಲಿ ಕೂತು, ಮರ, ಬಟ್ಟೆ, ಗುಜರಿಯಿಂದ ತಂದ ಹಳೇ ಕಾರಿನ ಇಂಜಿನ್ ಸೇರಿಸಿ ಒಬ್ಬರೇ ಕೂರುವ ಪುಟ್ಟ ವಿಮಾನ ಕಟ್ಟಿದ್ದ.

“ಕಾರಿನ ಇಂಜಿನ್ನಿಗೆ ರೆಕ್ಕೆ ಕಟ್ಟಿದ್ರೆ ಗರುಡ ಆಗ್ಬಿಡುತ್ತೇನೋ?” ಎಂದು ಅಮ್ಮ ಕೇಳಿದರೆ, “ಕೋಳಿ ಆದ್ರೂ ಸಾಕಮ್ಮ, ಬೇಲಿ ದಾಟುತ್ತಲ್ಲ” ಎನ್ನುತ್ತಿದ್ದ.

ಆ ಇಂಜಿನ್ ಬಿಸಿಯೇರಿ ಆಕಾಶದಲ್ಲೇ ನಿಂತುಬಿಡುತ್ತಿತ್ತು. ಎರಡು ಸಲ ಕೊಯ್ಲಾದ ಹೊಲಗಳಲ್ಲಿ ಎಮರ್ಜೆನ್ಸಿ ಲ್ಯಾಂಡಿಂಗ್ ಮಾಡಿದ್ದ. ಆಮೇಲೆ ಅಪ್ಪ ಒಂದು ರೂಲ್ ಮಾಡಿದರು. ಸದ್ದು ಕೇಳುವಷ್ಟು ದೂರದಲ್ಲೇ ಅವನು ಹಾರಬೇಕು. ಸದ್ದು ಇರುವತನಕ ಯಾರೂ ಗಾಬರಿಯಾಗಬಾರದು; ನಿಂತ ಕೂಡಲೇ ಅಪ್ಪ ಕಾರು ತೆಗೆದುಕೊಂಡು ಹುಡುಕಲು ಹೊರಡಬೇಕು. ಅಮ್ಮ ರುಬ್ಬುವುದನ್ನು ಆಗಾಗ ನಿಲ್ಲಿಸಿ ಕಿವಿಗೊಡುತ್ತಿದ್ದರು.

ಆ ಭಾನುವಾರ ಅವನು ಹಾರಿದ ಮೇಲೆ ಮೋಡ ಕವಿಯಿತು. ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ತಿಂಡಿಯಾಯಿತು, ಎರಡನೇ ಕಾಫಿಯೂ ಆಯಿತು, ಸದ್ದು ಸುತ್ತುತ್ತಲೇ ಇತ್ತು. “ಕೊನೆಗೂ ಇಂಜಿನ್ ಸರಿ ಮಾಡ್ಬಿಟ್ಟ ಕಣೇ” ಎಂದು ಅಪ್ಪ ಪೇಪರ್ ಮಡಿಸುತ್ತ ಹೆಮ್ಮೆಪಟ್ಟರು.

ಅಷ್ಟರಲ್ಲಿ ಗೇಟಿನ ಮುಂದೆ ಎತ್ತಿನ ಗಾಡಿ ನಿಂತಿತು. ಹುಲ್ಲಿನ ಮೇಲೆ ಅಣ್ಣ ಮಲಗಿದ್ದ. ಇಂಜಿನ್ ನಿಂತು, ಕತ್ರಿಗುಪ್ಪೆಯ ಹೊಲದಲ್ಲಿ ಇಳಿಯಲು ಹೋಗಿ ವಿಮಾನ ಬದುವಿಗೆ ಬಡಿದಿತ್ತು.

“‘ನಮ್ಮಪ್ಪ ಈಗ ಬರ್ತಾರೆ, ಈಗ ಬರ್ತಾರೆ’ ಅಂತಾನೇ ಇದ್ರು ಇವ್ರು, ಸ್ವಾಮಿ. ಕಾದು ಕಾದು ನಾನೇ ಗಾಡಿ ಕಟ್ದೆ” ಎಂದ ರೈತ. ಆಮೇಲೆ ತಲೆಯೆತ್ತಿ ಕೇಳಿದ: “ಮೇಲೆ ಇನ್ನೊಂದು ಸುತ್ತತಾ ಐತಲ್ಲ, ಅದ್ರಾಗೆ ಯಾರವ್ರೆ?”

ಅಣ್ಣ ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಹೊತ್ತು ಆಲಿಸಿದ. “ಮೂರನೇ ಸಿಲಿಂಡರ್ ಮಿಸ್ ಹೊಡೀತಿದೆ” ಎಂದ ನನಗೆ. “ನಂದೇ ಕಣೇ ಅದು.”

ಆಸ್ಪತ್ರೆ ತಲುಪುವ ಮೊದಲೇ ಹೋದ. ಇನ್ನೂ ಬೇಗ ತಂದಿದ್ದರೆ ಉಳಿಯುತ್ತಿದ್ದನೇನೋ ಎಂದರು ಡಾಕ್ಟರು. “ಸದ್ದು ಇತ್ತಲ್ಲ ಡಾಕ್ಟ್ರೇ” ಎಂದರು ಅಪ್ಪ.

ಮಾರನೆಯ ದಿನ ಕತ್ರಿಗುಪ್ಪೆಗೆ ನಾನೇ ಹೋಗಿ ನೋಡಿದೆ. ಇಂಜಿನ್ ಅರ್ಧ ಮಣ್ಣಿನಲ್ಲಿ ಹೂತಿತ್ತು. ಎಕೋ, ಗಾಳಿಯ ದಿಕ್ಕು, ಬೇರೆ ಯಾವುದೋ ವಿಮಾನ... ಎಲ್ಲ ಎಕ್ಸ್‌ಪ್ಲನೇಷನ್ನುಗಳನ್ನೂ ನನಗೆ ನಾನೇ ಕೊಟ್ಟುಕೊಂಡಿದ್ದೇನೆ. ಆದರೆ ಅಣ್ಣ ತನ್ನ ಇಂಜಿನ್ನನ್ನು ಗುರುತಿಸುವುದರಲ್ಲಿ ತಪ್ಪುವವನಲ್ಲ.

ಮೇಲಿನ ಆ ಸದ್ದು ಯಾವಾಗ ನಿಂತಿತೋ ಹೇಳಲಾರೆ. ಅವನನ್ನು ಕಾರಿಗೆ ಮಲಗಿಸುವ ಗಡಿಬಿಡಿಯಲ್ಲಿ, ನಮ್ಮಲ್ಲಿ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.