ಬ್ರೇಕಮ್ಮನ ಹದಿನಾಲ್ಕು ಸೆಕೆಂಡು

ಆಕೆಗೆ ಬ್ರೇಕಮ್ಮ ಎಂಬ ಹೆಸರು ಯಾರಿಟ್ಟರೋ ಗೊತ್ತಿಲ್ಲ. ಊರಿನಲ್ಲಿ ಕಾರು ಓಡಿಸುವ ಅರ್ಧ ಜನ ಆಕೆಯ ಶಿಷ್ಯರು, ಅಷ್ಟೂ ಜನ ಆ ಹೆಸರಿಗೆ ಸಾಕ್ಷಿಗಳು. ಗಂಡ ಹೆಂಡತಿ ಸೇರಿ ನಡೆಸುವ ಡ್ರೈವಿಂಗ್ ಶಾಲೆ ಅದು. ಗಂಡ ಮೇಜಿನ ಹಿಂದೆ ಕೂತು ಫೋನು, ಬಂದವರು, ಹೋದವರನ್ನು ನೋಡಿಕೊಳ್ಳುತ್ತಾನೆ. ರಸ್ತೆಯೆಲ್ಲ ಹೆಂಡತಿಯದು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಕಂಗಾಲಾದಾಗ ಅದನ್ನು ಒತ್ತುವುದು ಕಲಿಸುವವಳ ಕೆಲಸ. ಹಾಗಾಗಿ ಎಷ್ಟೋ ವರ್ಷಗಳಿಂದ ಆಕೆಯ ಬಲಪಾದ ಆ ಬ್ರೇಕಿನ ಮೇಲೆ, ನಿದ್ದೆಹೋದ ಮಗುವಿನ ಮೇಲಿಟ್ಟ ಕೈಯಂತೆ, ಮುಟ್ಟಿಯೂ ಮುಟ್ಟದ ಹಾಗೆ ಕಾದುಕೊಂಡಿದೆ.

ವಾರವಿಡೀ ಬೇರೆಯವರ ಭಯದ ಪಕ್ಕ ಕೂರುವವಳಿಗೆ ತಿಂಗಳಿಗೊಮ್ಮೆ ಒಂದು ಭಾನುವಾರ ಸಿಗುತ್ತದೆ. ಅಂದು ಆಕೆ ತನ್ನ ಕಡುನೀಲಿ ಬಣ್ಣದ, ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು ಹತ್ತಿ ಊರಾಚೆಯ ಹಳೇ ವಿಮಾನ ನಿಲ್ದಾಣಕ್ಕೆ ಹೋಗುತ್ತಾಳೆ. ವಿಮಾನಗಳು ಅಲ್ಲಿಗೆ ಬರುವುದನ್ನು ಬಿಟ್ಟು ಕಾಲವಾಗಿದೆ. ಈಗ ಆ ಓಡುದಾರಿಯಲ್ಲಿ ಎರಡೆರಡು ಕಾರುಗಳು ಅಕ್ಕಪಕ್ಕ ನಿಲ್ಲುತ್ತವೆ. ಹಸಿರು ದೀಪ ಹತ್ತಿದ ಕೂಡಲೇ ನೇರ ಕಾಲು ಮೈಲಿ ಓಟ. ಕಾಲು ಮೈಲಿ ಎಂದರೆ ಹೆಚ್ಚೇನಲ್ಲ. ಗಂಡ ಹೆಂಡತಿ ನಡೆದು ಹೊರಟರೆ ಒಂದು ಜಗಳ ಶುರುವಾಗಿ ರಾಜಿಯಾಗುವಷ್ಟು ದೂರ. ಆಕೆಯ ಕಾರು ಅದನ್ನು ಹದಿನಾಲ್ಕು ಸೆಕೆಂಡಿಗಿಂತ ಒಂದು ಚಿಟಿಕೆ ಹೆಚ್ಚು ಹೊತ್ತಿನಲ್ಲಿ ಮುಗಿಸುತ್ತಿತ್ತು. ತೊಂದರೆಯೆಲ್ಲ ಆ ಚಿಟಿಕೆಯದೇ.

"ಏನೇ, ಈ ಕಾರಿಂದ ನಮಗೇನು ಉಪಯೋಗ?" ಎಂದು ಗಂಡ ಒಂದು ದಿನ ಕೇಳಿದ.

"ನೋಡಿದ್ರೇ ಹೊಟ್ಟೆ ತುಂಬುತ್ತೆ."

"ನಿನಗೆ ತುಂಬುತ್ತೆ. ಅಲ್ಲಿ ಕಲಿಯೋಕೆ ಬಂದವರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದಾರೆ, ನಮ್ಮ ಹತ್ರ ಇರೋದು ಒಂದೇ ಕಾರು. ಇದಕ್ಕೂ ಪಕ್ಕದಲ್ಲೊಂದು ಬ್ರೇಕ್ ಹಾಕಿಸಿ, ಹಿಂದೆ ಮುಂದೆ 'ಎಲ್' ಬೋರ್ಡ್ ಅಂಟಿಸಿಬಿಟ್ರೆ..."

ಆಕೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಎಲ್ ಬೋರ್ಡಾ? ಇದಕ್ಕಾ? ರೇಸಿನ ಕುದುರೆಗೆ ಗಾಡಿ ಕಟ್ಟೋ ಮಾತಾಡ್ತೀರಲ್ರೀ!"

"ಓಡಿದ್ರೆ ತಾನೇ ರೇಸಿನ ಕುದುರೆ?"

ಈ ಮಾತು ಸರಿಯಾಗಿ ನಾಟಿತು. ಆ ಸಿಟ್ಟಿನಲ್ಲೇ ಆಕೆ ಒಪ್ಪಂದ ಮಾಡಿಕೊಂಡುಬಿಟ್ಟಳು: ಈ ವರ್ಷದ ಓಟಗಳ ಕೊನೇ ಭಾನುವಾರದೊಳಗೆ ಹದಿನಾಲ್ಕರ ಕೆಳಗೆ ಬಂದರೆ ಕಾರಿನ ಸುದ್ದಿಗೆ ಯಾರೂ ಬರುವಂತಿಲ್ಲ. ಬರದೇ ಹೋದರೆ ಎಲ್ ಬೋರ್ಡನ್ನು ಆಕೆಯೇ ಕೈಯಾರೆ ಅಂಟಿಸಬೇಕು.

ಅಂದಿನಿಂದ ಕಾರಿಗೆ ಪಥ್ಯ ಶುರುವಾಯಿತು. ಭಾರ ಕಡಿಮೆಯಾದಷ್ಟೂ ಓಟ ಚುರುಕು. ಸ್ಟೆಪ್ನಿ ಇಳಿಯಿತು, ಜಾಕು ಇಳಿಯಿತು, ನೆಲಕ್ಕೆ ಹಾಸಿದ್ದ ಮ್ಯಾಟುಗಳು ಹೋದವು. ಕೊನೆಗೆ ಹಿಂದಿನ ಸೀಟೇ ಹೊರಬಂದು ಜಗಲಿಯ ಗೋಡೆಗೆ ಒರಗಿ ನಿಂತಿತು. ಅದರ ಮೇಲೆ ಅತ್ತೆ ಕೂತರು. ಕೂತವರು ಏಳಲಿಲ್ಲ. "ಸೊಂಟಕ್ಕೆ ಹೇಳಿ ಮಾಡಿಸಿದ ಹಾಗಿದೆ ಕಣೇ. ಮುಂದಿನ ಸೀಟು ಯಾವಾಗ ಬಿಚ್ತೀಯ?" ಎಂದರು.

ಪೆಟ್ರೋಲ್ ಟ್ಯಾಂಕಿನಲ್ಲಿ ಬೇಕಾದಷ್ಟೇ ಪೆಟ್ರೋಲ್ ಉಳಿಸುವುದು ರೂಢಿಯಾಯಿತು. ಹಿಂದಿನ ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಅದು ನೆಲವನ್ನು ಕಚ್ಚಿ ಹಿಡಿಯುತ್ತದೆ, ತೀರಾ ಇಳಿಸಿದರೆ ಕಾರು ಓಲಾಡುತ್ತದೆ. ಎರಡರ ನಡುವಿನ ಹದವನ್ನು ಆಕೆ ಕಂಡುಕೊಂಡಳು. ಹೊರಡುವಾಗ ಎಂಜಿನ್ ಹೆಚ್ಚು ಕೂಗಿದರೆ ಚಕ್ರ ನಿಂತಲ್ಲೇ ಗಿರಗಿರನೆ ತಿರುಗಿ ಹೊಗೆ ಬರುತ್ತದೆ. ಕಡಿಮೆ ಕೂಗಿದರೆ ಕಾರು ಉಸಿರುಗಟ್ಟಿ ಮುಗ್ಗರಿಸುತ್ತದೆ. ಕ್ಲಚ್ ಬಿಡುವ ಆ ಒಂದು ಗಳಿಗೆಯನ್ನು ಆಕೆ ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಹಾಸಿಗೆಯಲ್ಲೂ ಎಡಪಾದದಲ್ಲಿ ಅಭ್ಯಾಸ ಮಾಡಿದಳು. "ನಿದ್ದೆಯಲ್ಲಿ ಒದೀತಾಳೆ" ಎಂದು ಗಂಡ ತಾಯಿಯ ಹತ್ತಿರ ದೂರು ಹೇಳಿದ. "ನಿನ್ನ ಅಪ್ಪನಿಗೂ ನಾನು ಒದೆಯಬೇಕಿತ್ತು, ಹೊಳೆಯಲಿಲ್ಲ" ಎಂದರು ಅತ್ತೆ.

ಇಷ್ಟಾದರೂ ಆ ಚಿಟಿಕೆ ಕರಗಲಿಲ್ಲ. ಓಟಕ್ಕೆ ಎಷ್ಟು ಸೆಕೆಂಡು ಹಿಡಿಯಿತು, ಕೊನೆಯಲ್ಲಿ ಕಾರಿನ ವೇಗ ಎಷ್ಟಿತ್ತು ಎಂದು ಅಲ್ಲಿ ಹೊತ್ತು ಅಳೆಯುವವರು ದೊಡ್ಡ ಬೋರ್ಡಿನಲ್ಲಿ ತೋರಿಸುತ್ತಾರೆ. ಆ ಕೊನೆಯ ವೇಗದಲ್ಲೇ ಆಕೆಯ ಕಾರು ಸೋಲುತ್ತಿತ್ತು. ಅಂಥದೇ ಕಾರು ಇಟ್ಟುಕೊಂಡಿದ್ದ ಒಬ್ಬ ಬೇಕರಿ ವ್ಯಾನಿನ ಡ್ರೈವರ್ ಪ್ರತಿ ಸಲ ಆಕೆಯನ್ನು ಹಿಂದೆ ಹಾಕುತ್ತಿದ್ದ. ಒಂದು ಕಾಲದಲ್ಲಿ ಆಕೆಯಿಂದ ಪಾಠ ಹೇಳಿಸಿಕೊಂಡು, ಬೈಸಿಕೊಂಡು ಹೋದವನೇ.

"ಶುರು ಚೆನ್ನಾಗಿ ಮಾಡ್ತೀರ ಮೇಡಂ. ಕೊನೇಲಿ ನಿಮ್ಮ ಎಂಜಿನ್ ದಣಿಯುತ್ತೆ" ಎಂದ ಅವನು.

"ದಣಿಯುತ್ತಾ?"

"ವಯಸ್ಸಾಯ್ತಲ್ಲ. ಎಂಜಿನ್ನಿಗೆ, ಎಂಜಿನ್ನಿಗೆ!"

ಎಂಜಿನ್ ದಣಿಯುತ್ತದೆ ಎಂದು ಆಕೆ ಸ್ಪಾರ್ಕ್ ಪ್ಲಗ್ ಬದಲಿಸಿದಳು, ಫಿಲ್ಟರ್ ಬದಲಿಸಿದಳು, ಸೈಲೆನ್ಸರ್ ಬದಲಿಸಿದಳು. ಕಾರಿನ ಕಂಠ ಗಡುಸಾಯಿತು, ಅಕ್ಕಪಕ್ಕದ ಮನೆಯವರ ಮುಖವೂ ಗಡುಸಾಯಿತು. ಚಿಟಿಕೆ ಮಾತ್ರ ಇದ್ದಲ್ಲೇ ಇತ್ತು.

ಕೊನೇ ಭಾನುವಾರ ಬಂತು. ಬೆಳಗಿನ ತಂಪು ಗಾಳಿ ಎಂಜಿನ್ನಿಗೆ ಹಿತ, ಹಾಗಾಗಿ ಮುಂಚೆಯೇ ಹೊರಟರು. ಅತ್ತೆಯೂ ಬರುತ್ತೇನೆಂದು ಹಟ ಹಿಡಿದು ಮಗನ ಸ್ಕೂಟರ್ ಏರಿದರು. ಓಟ ಶುರುವಾಗುವ ಕಡೆ ಹೊಗೆ ಕುಡಿದು ಕೆಮ್ಮು ಬಂದದ್ದರಿಂದ, ಬಣ್ಣದ ಕೊಡೆ ಬಿಚ್ಚಿಕೊಂಡು ಓಟ ಮುಗಿಯುವ ಬಿಳಿ ಗೆರೆಯ ಕಡೆಗೆ ಹೋಗಿ, ಗೆರೆಗಿಂತ ತುಸು ಈಚೆ, ತಂತಿಬೇಲಿಯ ಹಿಂದೆ ನಿಂತರು.

ಒಬ್ಬೊಬ್ಬರಿಗೆ ಮೂರು ಓಟ. ಮೊದಲನೆಯದರಲ್ಲಿ ಆಕೆ, ಬೇರೆಯವರು ಟೈರು ತಿರುಗಿಸಿ ಬಿಸಿ ಮಾಡಲೆಂದು ನೀರು ಚೆಲ್ಲಿದ್ದ ಜಾಗವನ್ನು ಟೈರು ಒದ್ದೆಯಾಗದ ಹಾಗೆ ಸುತ್ತುಹಾಕಿ ಬಂದು, ನಿಂತು, ಅಚ್ಚುಕಟ್ಟಾಗಿ ಹೊರಟಳು. ಅದೇ ಹದಿನಾಲ್ಕು, ಅದೇ ಚಿಟಿಕೆ. ಎಂಜಿನ್ ತಣಿಯಲೆಂದು ಬಾನೆಟ್ ಎತ್ತಿ ಕೂತಿದ್ದಾಗ ಅತ್ತೆ ಏದುಸಿರು ಬಿಡುತ್ತಾ ಬಂದರು.

"ಏ ಹುಡುಗಿ, ಒಂದು ಕೇಳ್ತೀನಿ, ಬೈಬೇಡ. ಎಲ್ಲರ ಕಾರಿನ ಹಿಂದೆ ಆ ಕೆಂಪು ದೀಪ ಇದೆಯಲ್ಲ, ಅದು ಬಿಳಿ ಗೆರೆ ದಾಟಿದ ಮೇಲೆ ಹತ್ತುತ್ತೆ. ನಿಂದು ಗೆರೆಗಿಂತ ಮುಂಚೇನೇ ಹತ್ತುತ್ತಲ್ಲ, ಯಾಕೆ?"

"ಯಾವ ದೀಪ ಅತ್ತೆ? ಬ್ರೇಕಿನದಾ? ಸಾಧ್ಯವೇ ಇಲ್ಲ. ನಾನ್ಯಾಕೆ ಬ್ರೇಕ್ ಒತ್ತಲಿ?"

ಪಕ್ಕದಲ್ಲಿ ನಿಂತಿದ್ದ ಬೇಕರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಮೇಡಂ! ನನಗೆ ಕಲಿಸುವಾಗ ಖಾಲಿ ರಸ್ತೇಲೂ ಒತ್ತುತ್ತಿದ್ರಿ. ಮುಂದೆ ಒಂದು ಪ್ಲಾಸ್ಟಿಕ್ ಕವರ್ ಹಾರಿದ್ರೂ ಸಾಕಿತ್ತು!"

ಎರಡನೇ ಓಟದಲ್ಲಿ ಆಕೆ ತನ್ನ ಪಾದವನ್ನೇ ಕಾಯುತ್ತಾ ಹೋದಳು. ಮೊದಲ ಗೇರು, ಎರಡನೆಯದು, ಮೂರನೆಯದು. ಕಾರು ಹಾರುತ್ತಿತ್ತು. ದೂರದಲ್ಲಿ ಬಿಳಿ ಗೆರೆ, ಅದರ ಆಚೀಚೆ ಜನ. ಅವರನ್ನು ಕಂಡದ್ದೇ ತಡ, ಯಾರನ್ನೂ ಕೇಳದೆ ಬಲಪಾದ ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕೆ ಸರಿಯಿತು. ಈ ಸಲ ಆಕೆ ಅದನ್ನು ಕಣ್ಣಾರೆ ಕಂಡಳು. ಇಷ್ಟು ದಿನ ಇಳಿಸಿದ್ದು, ಬಿಚ್ಚಿದ್ದು, ಬದಲಿಸಿದ್ದು ಎಲ್ಲವೂ ಕಾರಿನದು, ರೋಗ ಚಪ್ಪಲಿಯೊಳಗಿತ್ತು.

ಆಕೆ ಕಾರಿನಿಂದ ಇಳಿಯಲೇ ಇಲ್ಲ. ಸ್ಟೀರಿಂಗಿಗೆ ಹಣೆ ಕೊಟ್ಟು ಕೂತಳು. "ಆಗಲ್ಲ ಅತ್ತೆ. ಇದು ನನ್ನ ಮಾತು ಕೇಳಲ್ಲ. ಎಷ್ಟು ಜನರ ಜೀವ ಉಳಿಸಿದೆಯೋ, ಇದಕ್ಕೆ ಸೊಕ್ಕು."

ಅತ್ತೆ ಕಿಟಕಿಯೊಳಗೆ ಕೈಹಾಕಿ ಸೊಸೆಯ ಕೂದಲು ಸರಿಮಾಡಿದರು. ಆ ಕೈ ಮಗನ ತಲೆಯನ್ನು ಸವರಿದ್ದಕ್ಕಿಂತ ಹೆಚ್ಚಾಗಿ ಆಕೆಯ ತಲೆಯನ್ನು ಸವರಿತ್ತು, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಅದನ್ನ ಯಾಕೆ ಬೈತೀಯ? ಅದರ ಕೆಲಸ ಅದು ಮಾಡ್ತಿದೆ. ಬ್ರೇಕ್ ಒತ್ತಬೇಡ ಅಂದ್ರೆ ಕೇಳಲ್ಲ, ಎಲ್ಲಿ ಒತ್ತಬೇಕು ಅಂತ ಹೇಳು, ಕೇಳುತ್ತೆ. ಗೆರೆ ಕಡೆ ನೋಡಲೇಬೇಡ. ನಾನು ಇನ್ನೂ ಆಚೆ, ಆ ಒಡೆದ ಗೋಡೆ ಹತ್ರ ಬೇಲಿ ಹಿಂದೆ ಕೊಡೆ ಹಿಡಿದು ನಿಲ್ತೀನಿ. ನನ್ನ ನೋಡು. ನನ್ನ ಹತ್ರ ಬಂದಾಗ ಒತ್ತು."

"ಅಷ್ಟು ದೂರ ನಡೀತೀರಾ?"

"ನಿನ್ನ ಕಾರಿಗಿಂತ ಬೇಗ ಹೋಗ್ತೀನಿ, ಬಿಡು."

ಮೂರನೇ ಓಟಕ್ಕೆ ಹಸಿರು ದೀಪ ಹತ್ತಿತು. ಆಕೆ ಹೊರಟಳು. ಎಂಜಿನ್ ಕೂಗು, ಗೇರಿನ ಕಟಕ್ಕು, ಬೆನ್ನು ಸೀಟಿಗೆ ಅಂಟಿದ್ದು, ಯಾವುದೂ ಆಕೆಗೆ ಸರಿಯಾಗಿ ಅರಿವಿಗೆ ಬರಲಿಲ್ಲ. ದೂರದಲ್ಲಿ ಹಳದಿ ಕೆಂಪು ಪಟ್ಟೆಯ ಒಂದು ಚುಕ್ಕೆ ಇತ್ತು, ಅದರ ಕೆಳಗೆ ತನ್ನ ಅತ್ತೆ ಇದ್ದರು. ಬಿಳಿ ಗೆರೆ ಯಾವಾಗ ಬಂತು, ಜನ ಎಲ್ಲಿ ನಿಂತಿದ್ದರು, ಒಂದೂ ಕಾಣಲಿಲ್ಲ. ಚುಕ್ಕೆ ಕೊಡೆಯಾಯಿತು, ಕೊಡೆಯ ಕಡ್ಡಿಗಳು ಕಂಡವು. ಆಗ ಪಾದ ತಾನಾಗಿ ಸರಿದು ಬ್ರೇಕ್ ಒತ್ತಿತು.

ಬೇಲಿಯ ಪಕ್ಕ ಕಾರು ನಿಲ್ಲಿಸಿ ಆಕೆ ಕೂಗಿ ಕೇಳಿದಳು: "ಎಷ್ಟಾಯ್ತು ಅತ್ತೆ? ಬೋರ್ಡಲ್ಲಿ ಎಷ್ಟು ಬಂತು?"

"ನನಗೇನು ಗೊತ್ತು? ನಾನು ನಿನ್ನನ್ನೇ ನೋಡ್ತಾ ಇದ್ದೆ."

ಬೇಲಿಯ ಸಂದಿನಿಂದ ಅತ್ತೆಯನ್ನು ಈಚೆಗೆ ಕರೆದು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ವಾಪಸ್ ಬರುವ ಕಿರುದಾರಿಯಲ್ಲಿ ಆಕೆ ಮೆಲ್ಲಗೆ ಹೊರಟಳು. ಎದೆ ಮಾತ್ರ ಇನ್ನೂ ಕಾಲು ಮೈಲಿ ಓಡುತ್ತಿತ್ತು. ಬೇಕರಿಯವನು ದೂರದಿಂದ ಏನೋ ಕೂಗಿದ, ಗಾಳಿಗೆ ಕೇಳಿಸಲಿಲ್ಲ. ಅವನದು ನಗುವೋ ಗೇಲಿಯೋ ತಿಳಿಯದು, ಅವನ ಮುಖ ಯಾವಾಗಲೂ ಹಾಗೇ.

ಆಮೇಲೆ ಗಂಡ ಕಂಡ. ಸ್ಕೂಟರಿಗೆ ಒರಗಿ, ಸೊಂಟದ ಮೇಲೆ ಕೈಯಿಟ್ಟು, ಮುಖ ಮೊಣಕಾಲಿಗೆ ಬರುವಷ್ಟು ಜೋಲು ಹಾಕಿಕೊಂಡು ನಿಂತಿದ್ದ. ಅಷ್ಟು ಸುಂದರವಾಗಿ ಆತ ಮದುವೆಯ ದಿನವೂ ಕಂಡಿರಲಿಲ್ಲ. ಆಕೆ ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ.

"ಹದಿಮೂರು ಪಾಯಿಂಟ್ ಒಂಬತ್ತು" ಎಂದ ಆತ, ಯಾರದೋ ಸಾವಿನ ಸುದ್ದಿ ಹೇಳುವವನಂತೆ. "ಸ್ಪೋರ್ಟ್ಸ್ ಕಾರಲ್ಲಿ ಕಲಿಸ್ತೀವಿ ಅಂತ ಮೂರು ಜನಕ್ಕೆ ಹೇಳಿಬಿಟ್ಟಿದ್ದೀನಿ ಕಣೇ. ನಾಳೆ ಬೆಳಿಗ್ಗೆ ಬರ್ತಾರೆ. ಏನು ಹೇಳಲಿ?"

"ಕಲಿಸೋ ಹಳೇ ಕಾರು ತೋರಿಸಿ, ಅದೂ ಓಡುತ್ತೆ ಅಂತ ಹೇಳಿ" ಎಂದಳು ಆಕೆ. "ಬ್ರೇಕ್ ಮೇಲೆ ಕಾಲಿಟ್ಟು ನಾನು ಪಕ್ಕದಲ್ಲಿ ಕೂತಿರ್ತೀನಲ್ಲ."