ಉಡಚವ್ವನ ಡ್ರೋನು, ನಾನು ಬಿಟ್ಟ ಸಾಲು

ಉಡಚವ್ವ ನನಗಿಂತ ಮೂರು ತಿಂಗಳು ದೊಡ್ಡಾಕಿ. ಇಬ್ಬರೂ ಹಿರೇಬೆಂಡಿಗೇರಿಯಲ್ಲಿ ಹುಟ್ಟಿದವರು. ಒಂದೇ ವರ್ಷ ಸವಣೂರಿಗೆ ಸೊಸೆಯರಾಗಿ ಬಂದೆವು, ಬಂದದ್ದೂ ಒಂದೇ ಓಣಿಗೆ. ಆಕಿ ಮನಿಗೂ ನನ್ನ ಮನಿಗೂ ನಡುವೆ ಹನ್ನೊಂದು ಹೆಜ್ಜೆ. ನನ್ನ ಗಂಡ ತೀರಿಕೊಂಡು ಹದಿನಾರು ವರ್ಷ ಆಯಿತು. ಆಕಿ ಗಂಡ ದ್ಯಾಮಪ್ಪಣ್ಣ ಇನ್ನೂ ಕಟ್ಟಿ ಮೇಲೆ ಕುಂತು ಚಹಾ ಕುಡಿಯುತ್ತಾನೆ. ಇದನ್ನು ಮೊದಲೇ ಬರೆದೆ, ಯಾಕಂದರೆ ಮುಂದಿನ ಮಾತಿನಲ್ಲಿ ಎಲ್ಲೆಲ್ಲಿ ಹೊಟ್ಟೆಕಿಚ್ಚು ಕಾಣುತ್ತದೋ ಅಲ್ಲೆಲ್ಲ ಅದು ಇದ್ದದ್ದು ಖರೆ.

ಉಡಚವ್ವನ ಬದುಕು ಅಂದರೆ ಆಕಿ ಕೈ. ನಲವತ್ತೆಂಟು ವರ್ಷ ವೀಳ್ಯದೆಲೆಯ ತೋಟದಲ್ಲಿ ದುಡಿದಾಕಿ. ಮಾತಾಡುತ್ತ, ನಗುತ್ತ, ಬೇರೆ ಕಡೆ ನೋಡುತ್ತ ಎಲೆ ಎಣಿಸಿ ಕಟ್ಟು ಕಟ್ಟುತ್ತಿದ್ದಳು. ಬಿಚ್ಚಿ ಎಣಿಸಿದರೆ ನೂರಕ್ಕೆ ಒಂದು ಎಲೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಮೊದಲ ಎರಡು ವರ್ಷ ನಾನೂ ಆಕಿ ಸಂಗಡ ಹೋಗುತ್ತಿದ್ದೆ. ನನ್ನ ಕಟ್ಟನ್ನು ತೋಟದವರು ಬಿಚ್ಚಿ ಎಣಿಸಿ ನೋಡುತ್ತಿದ್ದರು, ಆಕಿ ಕಟ್ಟನ್ನು ಒಂದು ದಿನವೂ ಬಿಚ್ಚಲಿಲ್ಲ. ನಾನು ತೋಟ ಬಿಟ್ಟು ಕರಿದ ಖಾರಾ, ಶೇವು ಮಾರುವ ಅಂಗಡಿ ಸೇರಿದೆ. ತಕ್ಕಡಿ ಮುಂದೆ ಕುಂತು ಕಾಲು ಕಿಲೋ ಪೊಟ್ಟಣ ತುಂಬುವ ಕೆಲಸ. ಒಂದು ಮುಷ್ಟಿ ಖಾರಾ ಎತ್ತಿದರೆ ಅದರ ತೂಕ ಐದು ಗ್ರಾಮಿನೊಳಗೆ ಹೇಳುತ್ತೇನೆ. ಆದರೆ ಪಕ್ಕದಲ್ಲಿ ತಕ್ಕಡಿ ಇದ್ದ ಮೇಲೆ ಅದನ್ನು ಯಾರು ಕೇಳುತ್ತಾರೆ?

ಒಂದು ವಿಷಯದಲ್ಲಿ ಮಾತ್ರ ನಾನು ಆಕಿಗಿಂತ ಮೇಲೆ. ನಾನು ಮೂರನೇ ಇಯತ್ತೆ ತನಕ ಸಾಲಿ ಕಲಿತಾಕಿ. ಆಕಿ ಸಾಲಿಯ ಹೊಸ್ತಿಲು ದಾಟಿಲ್ಲ. ಆಕಿ ಮನಿಗೆ ಬಂದ ಕಾಗದ, ಲಗ್ನಪತ್ರಿಕೆ, ಔಷಧದ ಚೀಟಿ ಎಲ್ಲ ನಾನೇ ಓದಿ ಹೇಳಬೇಕು. ಆಗ ಆಕಿ ನನ್ನ ಎದುರು ಸುಮ್ಮನೆ ಕುಂತಿರುತ್ತಾಳೆ. ಆ ಹೊತ್ತು ನನಗೆ ಭಾಳ ಸಮಾಧಾನ.

ಹೋದ ವರ್ಷ ಶ್ರಾವಣದಲ್ಲಿ ಆಕಿ ಅಳಿಯ ಮಾಲತೇಶ ಬಂದ. ಚಿಕ್ಕೇರೂರಿನವನು, ಮದುವೆಗಳಲ್ಲಿ ವಿಡಿಯೋ ತೆಗೆಯುವ ಕೆಲಸ ಅವನದು. ಮೊಣಕಾಲು ನೋವು ಅಂತ ಉಡಚವ್ವ ತೋಟ ಬಿಟ್ಟು, ಮನಿಗೇ ಎಲೆ ತರಿಸಿಕೊಂಡು ಕಟ್ಟು ಕಟ್ಟುತ್ತಿದ್ದಳು. ಮಾಲತೇಶ ಚೀಲದಿಂದ ಒಂದು ಸಣ್ಣ ಡ್ರೋನು ತೆಗೆದ. ಅಂಗೈಯಷ್ಟು ಮೈ, ನಾಕು ರೆಕ್ಕೆ, ಮೂತಿಗೆ ಸಣ್ಣ ಕ್ಯಾಮೆರಾ, ಅದು ಕಂಡದ್ದು ಫೋನಿನಲ್ಲಿ ಮೂಡುತ್ತದೆ.

"ಅತ್ತಿ, ಮನ್ಯಾಗ ಕುಂತು ಕುಂತು ಬ್ಯಾಸರ ಅಂತಿದ್ರಲ್ಲ, ತಗೋರಿ. ಇದು ಮದುವಿ ಕೆಲಸಕ್ಕ ಸಾಲಂಗಿಲ್ಲ, ನನ್ನ ಕಡೆ ಸುಮ್ನ ಬಿದ್ದಿತ್ತು. ಆಟಕ್ಕ ಹಾರಸ್ರಿ."

"ಈ ವಯಸ್ಸಿನ್ಯಾಗ ಆಟ ಏನೋ ಮಾಲತೇಶಾ," ಅಂದಳು. ಅನ್ನುತ್ತಲೇ ಎರಡೂ ಕೈ ಚಾಚಿದ್ದಳು.

ಓಣಿಯ ಹಿಂದಿನ ಖಾಲಿ ಹೊಲಕ್ಕೆ ಹೋದೆವು. ಅವನು ತೋರಿಸಿದ, ಆಕಿ ಎರಡು ಹೆಬ್ಬೆರಳಿನಿಂದ ರಿಮೋಟಿನ ಕೋಲು ಒತ್ತಿದಳು. ಕಾಲು ತಾಸಿನಲ್ಲಿ ಡ್ರೋನು ಲೈಟಿನ ಕಂಬದ ಎತ್ತರಕ್ಕೆ ಏರಿ ಅಲ್ಲೇ ನಿಂತಿತು, ಅತ್ತ ಇತ್ತ ಒಂದು ಗೇಣು ಸರಿಯಲಿಲ್ಲ.

"ನನಗ ಇಷ್ಟ ಬರಾಕ ಒಂದು ತಿಂಗಳ ಹಿಡದಿತ್ತು ಅತ್ತಿ!" ಅಂದ ಮಾಲತೇಶ.

ನನಗೂ ಒಮ್ಮೆ ಕೊಟ್ಟರು. ಅದು ಸೀದಾ ಜಾಲಿ ಗಿಡಕ್ಕೆ ಹೋಯಿತು. ಮತ್ತೆ ಕೊಡಲಿಲ್ಲ.

ಹೋಗುವಾಗ ಮಾಲತೇಶ ಒಂದು ಹಾಳೆ ಕೊಟ್ಟ. ಅತ್ತಿಯ ಸಲುವಾಗಿ ಕನ್ನಡದಲ್ಲೇ ಅಚ್ಚು ಹಾಕಿಸಿ ತಂದಿದ್ದ, ಒಟ್ಟು ಹದಿನಾಲ್ಕು ಸಾಲು. "ಆಟಕ್ಕ ಹಾರಸಿದ್ರೂ ಕಾಯ್ದೆ ಕಾಯ್ದೇನ ಅತ್ತಿ. ಓದಿಸ್ಕೊಂಡು ಬಾಯಿಪಾಠ ಮಾಡ್ಕೋರಿ. ಇದ್ರಾಗ ಒಂದ ತಪ್ಪಿದ್ರೂ ತ್ರಾಸ."

ಓದುವಾಕಿ ಯಾರು? ನಾನೇ. ಮರುದಿನ ಸಂಜೀಮುಂದ ಹೊಲದ ಬದುವಿನ ಮೇಲೆ ಕುಂತೆವು. ದ್ಯಾಮಪ್ಪಣ್ಣ ಇದ್ದ, ನಮ್ಮ ಓಣಿಯ ಮಂಜವ್ವ ಇದ್ದಳು, ಇನ್ನೂ ನಾಕೈದು ಹೆಂಗಸರು. ನಾನು ಬೆರಳಿಟ್ಟು ಓದಿದೆ. ಕಾಲು ಕಿಲೋದೊಳಗೆ ಇದ್ದರೆ ಆಟಕ್ಕೆ ಹಾರಿಸಲು ಪೈಲಟ್ ಲೈಸೆನ್ಸು ಬೇಡ, ತೂಕ ದಾಟಿದರೆ ನಿಯಮ ಬೇರೆ. ನಾನೂರು ಅಡಿಗಿಂತ ಮೇಲೆ ಏರಿಸಬಾರದು. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು. ಹೊತ್ತು ಮುಳುಗಿದ ಮೇಲೆ ಹಾರಿಸಬಾರದು. ಒಬ್ಬರ ಮನಿ ಮೇಲೆ ಹಾರಿಸಬೇಕಾದರೆ ಅವರನ್ನು ಕೇಳಬೇಕು. ಜನರ ತಲೆಯ ಮೇಲೆ ಹಾರಿಸಬಾರದು.

"ನಲವತ್ತೆಂಟು ವರ್ಷದಿಂದ ನನ್ನ ತಲಿ ಮ್ಯಾಲೆ ಹಾರ್ಯಾಡಾಕತ್ತಾಳಲ್ಲ, ಆಕಿಗೆ ಯಾರು ಲೈಸೆನ್ಸು ಕೊಟ್ಟಾರು?" ಅಂದ ದ್ಯಾಮಪ್ಪಣ್ಣ.

"ನಿಮ್ಮ ಅವ್ವ ಕೊಟ್ಟಾಳ್ರಿ, ಹೋಗಿ ಕೇಳ್ರಿ," ಅಂದಳು ಉಡಚವ್ವ.

ನಗೆ ನಿಂತ ಮೇಲೆ ಹತ್ತನೆಯ ಸಾಲಿಗೆ ಬಂದೆ. ಮೊಬೈಲ್ ಟವರ್, ಕರೆಂಟಿನ ದೊಡ್ಡ ತಂತಿ ಇದ್ದಲ್ಲಿ ಸಿಗ್ನಲ್ ಕೆಡುತ್ತದೆ, ಫೋನಿನಲ್ಲಿ ಚಿತ್ರ ಒಡೆಯತೊಡಗಿದರೆ ಕೂಡಲೇ ಹಿಂದಕ್ಕೆ ತರಬೇಕು. ಇದರಲ್ಲಿ ಒತ್ತಕ್ಷರ ಹೆಚ್ಚು ಇದ್ದವು, ನನಗೆ ಹೊತ್ತಾಯಿತು.

"ಅಯ್ಯ ಫಕ್ಕೀರವ್ವಾ, ಎಮ್ಮಿ ಹೊಂಡದಾಗ ಇಳದಂಗ ಒಂದೊಂದ ಅಕ್ಷರಕ್ಕ ಇಳೀತೀಯಲ್ಲಬೇ! ಹೊತ್ತು ಮುಣಗಾಕತ್ತೈತಿ, ಮುಣಗಿದ ಮ್ಯಾಲೆ ಹಾರಸಬಾರದು ಅಂತ ಈಗರ ನೀನ ಓದೀದಿ," ಅಂದಳು ಉಡಚವ್ವ.

ಹೆಂಗಸರೆಲ್ಲ ನಕ್ಕರು. ಮಂಜವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಹನ್ನೊಂದನೆಯ ಸಾಲಿನ ಮೇಲೆ ನನ್ನ ಬೆರಳು ಇತ್ತು. ಅದನ್ನು ನಾನು ಮನಸ್ಸಿನಲ್ಲಿ ಓದಿಕೊಂಡೆ: ಡ್ರೋನಿನ ಮೈಗೆ ಕಬ್ಬಿಣ, ಅಯಸ್ಕಾಂತ ತಾಗಿಸಬಾರದು, ಅದರೊಳಗಿನ ದಿಕ್ಸೂಚಿ ಕೆಟ್ಟು ಕೈಗೆ ಸಿಗುವುದಿಲ್ಲ. ಓದಿಕೊಂಡು ಬೆರಳು ಎತ್ತಿ ಹನ್ನೆರಡನೆಯ ಸಾಲಿನ ಮೇಲೆ ಇಟ್ಟೆ. ಉಳಿದ ಮೂರು ಸಾಲು ಜೋರಾಗಿ ಓದಿ ಹಾಳೆ ಮಡಿಚಿದೆ.

ಆಮೇಲೆ ಎರಡು ತಿಂಗಳು ನಮ್ಮ ಓಣಿಯಲ್ಲಿ ಬೇರೆ ಮಾತೇ ಇರಲಿಲ್ಲ. ಸಂಜೆ ಐದಕ್ಕೆ ಸರಿಯಾಗಿ ಉಡಚವ್ವ ಹೊಲಕ್ಕೆ ಹೋಗುವಳು, ಹಿಂದೆ ಹೆಂಗಸರ ಹಿಂಡು. ಟವರಿನ ಕಡೆ ಬಿಡುತ್ತಿರಲಿಲ್ಲ. ಎತ್ತರವನ್ನು ಫೋನಿನಲ್ಲಿ ಅಂಕಿ ನೋಡಿ ದ್ಯಾಮಪ್ಪಣ್ಣ ಕೂಗುತ್ತಿದ್ದ. ಪಕ್ಕದ ಎಲೆತೋಟದ ಮುಬಶೀರ ಬಂದು, ಬಳ್ಳಿ ಎಲ್ಲಿ ಹಳದಿ ಆಗಿದೆ ಮೇಲಿಂದ ನೋಡಿ ಹೇಳು ಉಡಚಕ್ಕಾ ಅಂತ ಕೇಳಿದರೆ, "ಇದು ಆಟದ್ದು ತಮ್ಮಾ, ಕೆಲಸಕ್ಕ ಹಚ್ಚಿದ್ರ ಬ್ಯಾರೆ ಕಾಯ್ದೆ," ಅಂತ ವಕೀಲರ ಹಾಗೆ ಹೇಳಿದಳು. ಓದಿದಾಕಿ ನಾನು, ಹೇಳುವಾಕಿ ಆಕಿ.

ಒಬ್ಬೊಬ್ಬರಿಗೂ ಅವರವರ ಮನಿಯ ಮಾಳಿಗಿ ತೋರಿಸಿದಳು. ನನ್ನ ಸರದಿಯೂ ಬಂತು.

"ನಿನ್ನ ಮನಿ ಮ್ಯಾಲೆ ಬಿಡ್ಲೇನಬೇ? ಕೇಳಬೇಕಂತ ಕಾಯ್ದೆ ಐತಿ."

ಬಿಡು ಅಂದೆ. ಫೋನಿನಲ್ಲಿ ನನ್ನ ಸೂರು ಕಂಡಿತು. ಒಡೆದ ಹಂಚು ಏಳು, ತಗಡಿನ ತುಂಡು ಎರಡು, ಹರಿದ ಚಪ್ಪಲಿ ಒಂದು. ಎಲ್ಲರೂ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು.

ಖಂಡೇನವಮಿ ಬಂತು. ಆ ದಿನ ನಮ್ಮ ಕಡೆ ದುಡಿಯುವ ಸಾಮಾನಿಗೆಲ್ಲ ಪೂಜೆ. ಅಂಗಡಿಯಲ್ಲಿ ನನ್ನ ತಕ್ಕಡಿಗೆ ಕುಂಕುಮ ಹಚ್ಚಿ, ಉಡಚವ್ವನ ಮನಿಗೆ ಹೋದೆ. ಕುಡುಗೋಲು, ಕೊಡಲಿ, ಅವುಗಳ ನಡುವೆ ಮಣೆಯ ಮೇಲೆ ಡ್ರೋನು. ವಿಭೂತಿ ಹಚ್ಚಿ ಒಂದು ಚೆಂಡುಹೂ ಇಟ್ಟಿದ್ದಳು. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು.

"ಇವತ್ತ ಊರೆಲ್ಲ ನೋಡಾಕ ಬರ್ತೈತಿ, ಕಣ್ಣಾಸರಕ್ಕ ಏನರ ಕಟ್ಟು," ಅಂದಳು ಮಂಜವ್ವ.

ಗಾಡಿಗಳಿಗೆ ಕಟ್ಟುವ ಹಾಗೆ ಉಡಚವ್ವ ಕರಿದಾರದಲ್ಲಿ ಒಂದು ನಿಂಬೆಹಣ್ಣು, ಎರಡು ಹಸಿಮೆಣಸಿನಕಾಯಿ ಪೋಣಿಸಿದಳು. ಹಳೆಯ ಕುದುರೆ ಲಾಳದ ಎರಡು ಮೊಳೆ ಹುಡುಕಿ ತಂದು ಅವನ್ನೂ ಸೇರಿಸಿ ಡ್ರೋನಿನ ಹೊಟ್ಟೆಗೆ ಬಿಗಿದಳು. ಬಿಗಿಯುವಾಗ ನನ್ನ ಕಡೆ ನೋಡಿ, "ಓಣ್ಯಾಗ ಯಾರ್ದೋ ಕಣ್ಣು ಭಾಳ ಉರ್ಯಾಕತ್ತಾವಂತ," ಅಂದು ನಕ್ಕಳು.

ಆ ಡ್ರೋನನ್ನು ಬಂದ ವಾರದಲ್ಲೇ ನನ್ನ ತಕ್ಕಡಿಯಲ್ಲಿ ಇಟ್ಟು ನೋಡಿದ್ದೆ, ಇನ್ನೂರ ನಲವತ್ತಾರು ಗ್ರಾಂ. ನಿಂಬೆಹಣ್ಣೇ ನಲವತ್ತು ಗ್ರಾಮಿಗೆ ಮೇಲಿತ್ತು, ಕಣ್ಣಿನಿಂದಲೇ ತಿಳಿಯಿತು. ಕಾಲು ಕಿಲೋ ದಾಟಿತು. ಮೊಳೆ ಕಬ್ಬಿಣದ್ದು. ಎರಡೂ ನನಗೆ ಗೊತ್ತಿತ್ತು. ಬಾಯಿ ತೆರೆಯಲಿಲ್ಲ. ಉರಿಯುವ ಕಣ್ಣು ಅಂದಳಲ್ಲ, ಉರಿಯಲಿ ಅಂದುಕೊಂಡೆ.

ಐದಕ್ಕೆ ಹೊಲದಲ್ಲಿ ಐವತ್ತು ಅರವತ್ತು ಜನ. ಎಲ್ಲರನ್ನೂ ದೂರ ನಿಲ್ಲಿಸಿ ಉಡಚವ್ವ ಡ್ರೋನು ಎಬ್ಬಿಸಿದಳು. ಫೋನಿನಲ್ಲಿ ಕೆಂಪು ಅಕ್ಷರ ಬಂದವು, ಇಂಗ್ಲಿಷಿನವು. ಆಕಿಗೂ ಬಾರದು, ನನಗೂ ಬಾರದು. ಹಬ್ಬದ ದಿನ ಕೆಂಪು ಬಂದದ್ದು ಚಲೋ ಅಂದ ದ್ಯಾಮಪ್ಪಣ್ಣ.

ಡ್ರೋನು ನೂರು ಅಡಿ ಏರಿತು, ನಿಲ್ಲಲಿಲ್ಲ. ಗಾಣದ ಎತ್ತಿನ ಹಾಗೆ ಸುತ್ತತೊಡಗಿತು. ಮೊದಲು ಸಣ್ಣ ಸುತ್ತು, ಆಮೇಲೆ ದೊಡ್ಡದು. ಆಕಿ ಎಡಕ್ಕೆ ಒತ್ತಿದರೆ ಅದು ಬಲಕ್ಕೆ. ಮನಿಗೆ ಕರೆಯುವ ಗುಂಡಿ ಒತ್ತಿದಳು, ಅದು ಜನರ ಕಡೆಗೆ ನುಗ್ಗಿತು.

"ತಲಿ ಬಗ್ಗಸ್ರಿ! ಓಡ್ರಿ!" ಅಂತ ಕೂಗಿದಳು. ಜನ ಚದುರಿದರು. ದ್ಯಾಮಪ್ಪಣ್ಣನ ರುಮಾಲಿನ ಮೇಲಿಂದ ಒಂದು ಮೊಳ ಬಿಟ್ಟು ಹಾದು, ಮುಬಶೀರನ ತೋಟಕ್ಕೆ ಹೋಗಿ ಅಗಸಿ ಗಿಡಕ್ಕೆ ಹಬ್ಬಿದ ಬಳ್ಳಿಯಲ್ಲಿ ಬಿತ್ತು.

ಮುಬಶೀರ ಏಣಿ ಹಾಕಿ ತೆಗೆದು ತಂದ. ಒಂದು ರೆಕ್ಕೆ ಮುರಿದಿತ್ತು. "ಗಾಳಿ ಸುದ್ದ ಇದ್ದಿದ್ದಿಲ್ಲ ಉಡಚಕ್ಕಾ, ಯಾಕ ಹಿಂಗಾತು?"

"ಕಣ್ಣು ಬಿತ್ತು, ಮತ್ತೇನು," ಅಂತ ಮಂಜವ್ವ ನನ್ನ ಮುಖ ನೋಡಿದಳು. ಇನ್ನೂ ನಾಕು ಮಂದಿ ನೋಡಿದರು.

ಉಡಚವ್ವ ತಲೆ ಅಲ್ಲಾಡಿಸಿದಳು. "ಫಕ್ಕೀರವ್ವನ ಸುದ್ದಿಗೆ ಹೋಗಬ್ಯಾಡ್ರಿ. ಆಕಿ ಕಣ್ಣಿಗೆ ಅಷ್ಟ ಶಕ್ತಿ ಎಲ್ಲೈತಿ. ನನ್ನ ಕೈ ತಪ್ಪೇತಿ. ಕೈಗೆ ವಯಸ್ಸಾತು."

ನಾನು ಮನಿಗೆ ಬಂದು ದಿನಕ್ಕಿಂತ ಎರಡು ರೊಟ್ಟಿ ಹೆಚ್ಚಿಗೆ ಉಂಡೆ. ಇದೂ ಖರೆ.

ಮರುದಿನ ಮುಂಜಾನೆ ಮುಬಶೀರನ ಮನಿಯವರು ಎಲೆಯ ಬುಟ್ಟಿ ತಂದರೆ ಉಡಚವ್ವ ತಿರುಗಿ ಕಳಿಸಿದಳು. ನಳದ ಹತ್ತಿರ ನಿಂತು ನಾನು ಕೇಳಿದೆ. "ಎಣಿಕಿ ತಪ್ಪಿದ್ರ ನಿಮಗ ಲುಕ್ಸಾನ. ಇನ್ನ ಬ್ಯಾರೆಯವರ ಕಡೆ ಕಟ್ಟಸ್ರಿ." ಡ್ರೋನನ್ನು ಟ್ರಂಕಿನಲ್ಲಿ ಇಟ್ಟಿದ್ದಳು, ಭಾನುವಾರ ಮಾಲತೇಶ ಬಂದು ಒಯ್ಯುವುದು ಅಂತ ಆಗಿತ್ತು. ಆಕಿ ಕೊಡ ಎತ್ತುವ ಮೊದಲು ಎರಡೂ ಕೈ ಮುಂದೆ ಹಿಡಿದು ನಡುಗುತ್ತವೋ ಏನೋ ಅಂತ ನೋಡಿಕೊಂಡಳು.

ಅದನ್ನು ನೋಡಿದ ಮೇಲೆ ನನಗೆ ಕೆಲಸ ಸಾಗಲಿಲ್ಲ. ಪೊಟ್ಟಣ ತುಂಬಲು ಕುಂತರೆ ಕೈಗೆ ತೂಕ ಹತ್ತಲಿಲ್ಲ. ಐವತ್ತು ವರ್ಷ ನಾನು ಹೊಟ್ಟೆ ಉರಿಸಿಕೊಂಡದ್ದು ಆ ಕೈ ಮೇಲೆ. ಅದು ಕೆಟ್ಟ ಕೈ ಅಂತ ಆಕಿಯೇ ನಂಬಿ ಕುಂತರೆ, ನಾನು ಅಷ್ಟು ವರ್ಷ ಉರಿದದ್ದು ಯಾವುದರ ಮೇಲೆ? ಮತ್ತೆ, ಕೆಟ್ಟದ್ದು ಕೈಯಲ್ಲ, ನನ್ನ ಓದು. ಅದು ನನಗೊಬ್ಬಳಿಗೇ ಗೊತ್ತು.

ಸಂಜೆ ಬನ್ನಿ ಕೊಡುವ ಹೊತ್ತು. ಬನ್ನಿ ಎಲೆ ಕೈಯಲ್ಲಿಟ್ಟು ಬಂಗಾರದ ಹಾಗೆ ಇರೋಣ ಅಂತ ಒಬ್ಬರಿಗೊಬ್ಬರು ಹೇಳಬೇಕು. ಆಕಿ ಮನಿ ಬಾಗಿಲಿಗೆ ಹೋಗಿ ನಾನು ಆ ಮಾತು ಬಿಟ್ಟು ಬೇರೆ ಕೇಳಿದೆ.

"ಹಾಳಿ ಎಲ್ಲೈತಿ?" ಅಂದೆ.

"ಯಾವ ಹಾಳಿ? ಆ ಕಾಯ್ದೆದ್ದೇನು? ಈಗ್ಯಾಕಬೇ?"

"ತಾ. ಒಂದು ಸಾಲು ಓದೂದು ಉಳದೈತಿ."

ತಂದಳು. ಹನ್ನೊಂದನೆಯ ಸಾಲು ಓದಿದೆ, ಒಂದಕ್ಷರ ಬಿಡದೆ. ಆಕಿ ಮುಖ ಸಣ್ಣದಾಯಿತು.

"ಇದು ಅವತ್ತ ಇತ್ತೇನು?"

"ಇತ್ತು."

"ಕಾಣಲಿಲ್ಲೇನು?"

"ಕಂಡಿತ್ತು. ಬಿಟ್ನಿ."

"ಮೊಳಿ ಕಟ್ಟುವಾಗ ನೀ ಅಲ್ಲೇ ಕುಂತಿದ್ದೆಲ್ಲಬೇ!"

"ಕುಂತಿದ್ನಿ."

ಆಕಿ ಎರಡೂ ಕೈ ಮುಂದೆ ಚಾಚಿ ತಿರುವಿ ತಿರುವಿ ನೋಡಿದಳು. "ಹಾಳಾಕಿ! ನಿನ್ನಿಯಿಂದ ನನ್ನ ಮುದುಕಿ ಮಾಡಿ ಕುಂದ್ರಿಸಿದೆಲ್ಲ! ನನ್ನ ಗಂಡನ ತಲಿ ಉಳದದ್ದು ಒಂದು ಮೊಳದಾಗ."

"ತಪ್ಪಾತು."

"ತಪ್ಪಾತು ಅಂದ್ರ ಆತೇನು? ಬನ್ನಿ ಅಲ್ಲೇ ಕಟ್ಟಿ ಮ್ಯಾಲೆ ಇಡು. ನಿನ್ನ ಕೈಯಾಂದು ಇವತ್ತ ತಗೊಳ್ಳಾಂಗಿಲ್ಲ. ಪೂರ್ತಿ ಓದು, ಒಂದನೇದರಿಂದ."

ಹದಿನಾಲ್ಕೂ ಓದಿದೆ. ಪ್ರತಿ ಸಾಲಿಗೂ, ಕಟ್ಟಿ ಮೇಲೆ ಕುಂತಿದ್ದ ದ್ಯಾಮಪ್ಪಣ್ಣ ಒಂದೊಂದು ಹುಣಸೆಬೀಜ ಇಡುತ್ತ ಹೋದ. ಕೊನೆಗೆ ಆಕಿ ಬೀಜ ಎಣಿಸಿ ನೋಡಿದಳು. ನನ್ನ ಕಟ್ಟನ್ನು ತೋಟದವರು ಎಣಿಸುತ್ತಿದ್ದರಲ್ಲ, ಹಾಗೆ.

ಭಾನುವಾರ ಮಾಲತೇಶ ಬಂದು ರೆಕ್ಕೆ ಹಾಕಿದ, ದಿಕ್ಸೂಚಿ ಸರಿ ಮಾಡಿದ, ಡ್ರೋನು ಇಲ್ಲೇ ಉಳಿಯಿತು. ಎಲೆಯ ಬುಟ್ಟಿಯೂ ಮತ್ತೆ ಬರತೊಡಗಿತು. ಉಡಚವ್ವ ಓಣಿಯಲ್ಲಿ ಯಾರ ಮುಂದೂ ನನ್ನ ಸಂಗತಿ ಹೇಳಲಿಲ್ಲ. ಮಂಜವ್ವ ಇಂದಿಗೂ ನನ್ನ ಕಣ್ಣನ್ನೇ ದೂರುತ್ತಾಳೆ. ಆಕಿ ಹೇಳದೆ ಇದ್ದದ್ದಕ್ಕೂ ನನಗೆ ಹೊಟ್ಟೆಕಿಚ್ಚು. ಆಕಿ ಜಾಗದಲ್ಲಿ ನಾನಿದ್ದರೆ ಸಂಜೆಯೊಳಗೆ ಊರಿಗೆಲ್ಲ ಹೇಳಿರುತ್ತಿದ್ದೆ.

ಮುಂದಿನ ವಾರ ಒಂದು ಪಾಟಿ, ಬಳಪ ತಂದು ನನ್ನ ಕಟ್ಟಿ ಮೇಲೆ ಕುಂತಳು. "ಇನ್ನ ಯಾರ ಓದನ್ನೂ ನಂಬಾಂಗಿಲ್ಲ. ನೀನ ಕಲಸು. ಒಂದ ಅಕ್ಷರ ಬಿಟ್ರ ನೋಡು ಮತ್ತ."

ನನ್ನದು ಅಂತ ಇದ್ದದ್ದು ಅದೊಂದು. ಅದನ್ನೂ ಕೇಳಿದಳು. ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ಕಲಿಸುತ್ತೇನೆ, ಕ್ರಮ ತಪ್ಪದೆ, ಒಂದೂ ಬಿಡದೆ. ನನಗೆ ಒಂದು ವರ್ಷ ಹಿಡಿದ ಕಾಗುಣಿತ ಆಕಿಗೆ ಎರಡು ತಿಂಗಳು ಹಿಡಿಯಿತು. ಮೊನ್ನೆ ಪಾಟಿಯ ಮೇಲೆ ತನ್ನ ಹೆಸರು ಬರೆದು ನನ್ನ ಕಡೆ ತಿರುಗಿಸಿದಳು. ತಪ್ಪು ಹುಡುಕಿದೆ, ಇರಲಿಲ್ಲ. ವ ಒತ್ತು ನಾನು ಬರೆಯುವುದಕ್ಕಿಂತ ದುಂಡಗೆ ಬಂದಿತ್ತು.