ಕಾಲುವೆ ಕೆಂಪಾದ ದಿನ

ಸೋಪಿನ ನೀರಿನಲ್ಲಿ ರೇಷ್ಮೆ ಬೇಯುವ ವಾಸನೆ ಹಿತವಾದದ್ದೇನಲ್ಲ. ಆದರೂ ಅದು ಎಲ್ಲಾದರೂ ಮೂಗಿಗೆ ಬಿದ್ದರೆ ಸಾಕು, ಕೊಳ್ಳೇಗಾಲದ ನಮ್ಮ ಮನೆ, ಹಿತ್ತಿಲಾಚೆ ಹರಿಯುತ್ತಿದ್ದ ಊರ ಕಾಲುವೆ, ಮೊಣಕೈವರೆಗೆ ಬಣ್ಣ ಮೆತ್ತಿಕೊಂಡ ನಾಗತ್ತೆ, ಎಲ್ಲವೂ ಒಟ್ಟಿಗೆ ಎದ್ದು ಬರುತ್ತವೆ. ನಮ್ಮೂರು ಆಗ ಮದರಾಸು ಸರ್ಕಾರಕ್ಕೆ ಸೇರಿತ್ತು. ಆದರೆ ಊರನ್ನು ನಿಜವಾಗಿ ಆಳುತ್ತಿದ್ದದ್ದು, ಯಾವ ಕಾಲದಲ್ಲಿ ಯಾರು ತೋಡಿಸಿದರೋ, ಆ ಕಾಲುವೆಯೇ. ಮೇಲಿನ ಮೆಟ್ಟಿಲಲ್ಲಿ ಕುಡಿಯುವ ನೀರು, ಕೆಳಗೆ ಸ್ನಾನ, ಆಮೇಲೆ ದನ, ಎಲ್ಲರಿಗಿಂತ ಕೆಳಗೆ ಬಣ್ಣದ ಮನೆಯವರಾದ ನಾವು. ಮೇಲೆ ಬಣ್ಣ ಬಿಟ್ಟವರನ್ನು ಮತ್ತೆ ನೀರಿಗಿಳಿಯಲು ಊರಿನವರು ಬಿಡುತ್ತಿರಲಿಲ್ಲ.

ಅಪ್ಪನ ತಂಗಿ ನಾಗತ್ತೆಯನ್ನು ನೋಡಲು ಯಳಂದೂರಿನಿಂದ ಗಂಡಿನ ಕಡೆಯವರು ಬರುವ ದಿನ ಅದು. ಕೆಂಪು ಬಣ್ಣಕ್ಕೆ ಅದ್ದಿದ್ದ ರೇಷ್ಮೆ ನೂಲಿನ ಲಡಿಗಳನ್ನು ಜಾಲಾಡಿಸುವುದು ಇನ್ನೂ ಉಳಿದಿತ್ತು. ನಮ್ಮ ಜಾಗವಿದ್ದ ಕೆಳಗಿನ ತುದಿಯವರೆಗೆ ಹೋಗಿ ಬರಲು ಹೊತ್ತಿಲ್ಲವೆಂದು ಅತ್ತೆ, ಸ್ನಾನದ ಮೆಟ್ಟಿಲಿಗಿಂತ ಮೇಲಿದ್ದ ನಮ್ಮ ಹಿತ್ತಿಲ ಹಿಂದೆಯೇ ಜಾಲಾಡಿಸಿಬಿಟ್ಟಳು. ಗಾಡಿಯ ಧೂಳು ತೊಳೆದುಕೊಳ್ಳಲು ಹುಡುಗನ ಸೋದರಮಾವ ಅದೇ ಹೊತ್ತಿಗೆ ಸ್ನಾನದ ಮೆಟ್ಟಿಲಿಗೆ ಇಳಿದಿದ್ದರು. ಬಿಳಿ ಪಂಚೆಯಲ್ಲಿ ಇಳಿದವರು ಕೆಂಪು ಪಂಚೆಯಲ್ಲಿ ನಮ್ಮ ಜಗಲಿ ಹತ್ತಿದರು.

"ಏನ್ ಸಾ ಇದು, ನಿಮ್ಮೂರ ಕಾಲ್ವೆ ಓಕುಳಿ ಆಡ್ತದಾ?"

ತಾತ ಸೂರು ನೋಡತೊಡಗಿದರು. ಒಳಗೆ ಅಜ್ಜಿ ಪಿಸುಗುಟ್ಟಿದರು: "ಲೇ ನಾಗಿ, ಸೆರಗಲ್ಲಿ ಕೈ ಮುಚ್ಕೊ!"

ಸೆರಗಿನೊಳಗೆ ಕೈಯಿಟ್ಟುಕೊಂಡು ಕಾಫಿ ಲೋಟ ಹಿಡಿಯುವುದು ಯಾರಿಂದಾದೀತು? ಲೋಟ ನೀಡುವಾಗ ಸೆರಗು ಜಾರಿತು.

"ಮದರಂಗಿಯೇನವ್ವಾ?" ಎಂದರು ಸೋದರಮಾವ.

ಏಳು ವರ್ಷದ ನನಗೇ ಹೂಂ ಎನ್ನಬೇಕೆಂದು ಗೊತ್ತಿತ್ತು. ಅತ್ತೆ ಲೋಟವನ್ನು ಅವರ ಕೈಗಿಟ್ಟಳು. "ಇಲ್ಲ ಸಾ, ಬಣ್ಣ. ನಿಮ್ಮ ಪಂಚೆಗಾಗಿರೋದೂ ನಾನು ಬಿಟ್ಟಿದ್ದೇ."

ಮೊದಲು ನಕ್ಕಿದ್ದು ಹುಡುಗ. ನೆತ್ತಿಗೇರಿದ ಕಾಫಿ ಅವನ ಮೂಗಿನಿಂದ ಬಂತು. ಸೋದರಮಾವ ಪಂಚೆಯ ತುದಿ ಎತ್ತಿ ತಾತನಿಗೆ ತೋರಿಸಿದರು. "ಮೂರ್ ಸಲ ಉಜ್ಜಿದ್ರೂ ಓಗ್ನಿಲ್ಲ ಕಣ್ರಿ. ಮದ್ವೆ ಸೀರೆಗೂ ನೀವೇ ಬಣ್ಣ ಆಕ್ರಿ." ಅತ್ತೆ ಮೇಲೆ ಬಣ್ಣ ಬಿಟ್ಟ ಸಂಗತಿ ಊರಿನವರ ಕಿವಿಗೆ ಬೀಳದಂತೆ ಅವರೇ ನೋಡಿಕೊಂಡರು.

ಮುಂದಿನ ತಿಂಗಳೇ ಅತ್ತೆ ಯಳಂದೂರಿನ ಗಾಡಿ ಹತ್ತಿದಳು. ಲಡಿ ಜಾಲಾಡಿಸುವ ಕೆಲಸ ಅಜ್ಜಿಯದಾಯಿತು. ಕಾಲುವೆಗೆ ನೀರು ಬರುತ್ತಿದ್ದದ್ದು ಮಗಳು ಸೇರಿದ ಯಳಂದೂರಿನ ಕಡೆಯಿಂದ. ನೀರಿಗಿಳಿದ ಅಜ್ಜಿ ಮೊದಲು ಒಂದು ಬೊಗಸೆ ಎತ್ತಿ, ಸುಮ್ಮನೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ದೇವರಿಗೆಂದು ನಾನು ಬಹಳ ವರ್ಷ ತಿಳಿದಿದ್ದೆ.